ಜಾಲಿ ಕಡಿಯುವವನ ಹೇಳಿಕೆ

ಹೆಸರು ಯಮನೂರಪ್ಪ, ಮ್ಯಾಗಳಮನಿ ಮಂದಿ.
ವಯಸ್ಸು ಐವತ್ತೆರಡು ಅಂತ ಆಧಾರಿನಾಗೈತಿ,
ಅವ್ವ ಹೇಳೂದು ಬ್ಯಾರೆ.
ಕೆಲಸ: ಗಿಣಿಗೇರಿ ಆಚೆ ಈ ವಿಮಾನದ ಪಟ್ಟಿ ಮ್ಯಾಲೆ
ಬಳ್ಳಾರಿ ಜಾಲಿ ಕಡಿಯೂದು, ನವಿಲು ಓಡಿಸೂದು,
ಸಾಹೇಬ್ರ ವಿಮಾನ ಇಳಿಯೂ ಮುಂದ
ಬಾವುಟ ಹಿಡಕೊಂಡು ತುದಿಗೆ ನಿಂದರೂದು.
ಹಸಿರು ಅಂದ್ರ ಬಾ. ಕೆಂಪು ಅಂದ್ರ ಬ್ಯಾಡ.
ಹನ್ನೊಂದು ವರ್ಷ ಆತ್ರಿ. ಕೆಂಪು ಬಟ್ಟಿ ಇನ್ನಾ ಹೊಸಾದೈತಿ.

ಅವತ್ತು ಮಂಗಳವಾರ. ಫ್ಯಾಕ್ಟರಿ ಕರೀ ಧೂಳು
ಗಾಳಿ ಇಲ್ಲದ್ದಕ್ಕ ಮ್ಯಾಲೇ ನಿಂತಿತ್ತು.
ಮೊದಲ ಸಲ ಬರುವಾಗ ಗಾಲಿ ಇದ್ದುವು.
ನಾನೇ ಎಣಿಸೀನಿ: ಮೂಗಿನ ಕೆಳಗೊಂದು, ರೆಕ್ಕಿ ಕೆಳಗೆರಡು.
ಅಷ್ಟರಾಗ ನಾಯಿ ಅಡ್ಡ ಬಂತು.
ಕೆಂದ ನಾಯಿ, ಒಂದು ಕಿವಿ ಹರದೈತಿ.
ಬಾವುಟ ಮರತು ನಾನು ಓಡಿದೆ, ನಾಯಿ ಓಡಿತು,
ವಿಮಾನ ಗುಡುಗಿ ನನ್ನ ತಲಿ ಮ್ಯಾಲಿಂದ ಎದ್ದು ಹೋತು,
ಏಳತಾ ಏಳತಾ ಕಾಲು ಮಡಚಿಕೊಂತು.

ಮುಂದಿಂದು ಕೇಳಾಕ ನೀವು ಬಂದೀರಿ.

ಕೋಟೆ ಕಡಿಂದ ತಿರುಗಿ, ರೈಲಿನ ಹಳಿ ದಾಟಿ
ಕೆಳಗ, ಕೆಳಗ,
ಎಷ್ಟು ಚಂದ ಬಂತ್ರಿ! ಅಷ್ಟು ಹಗೂರ ಯಾವತ್ತೂ ಬಂದಿದ್ದಿಲ್ಲ.
ಹೊಟ್ಟಿ ನುಣ್ಣಗ, ತತ್ತಿ ಹಂಗ.
ಚಳಿಗಾಲದಾಗ ಡ್ಯಾಮಿನ ಹಿನ್ನೀರಿಗೆ ಬಾತು ಬರತಾವು,
ಹಿಮದ ಗುಡ್ಡ ದಾಟಿ ಬರತಾವು ಅಂತಾರ.
ನೀರು ಮುಟ್ಟೂಕಿಂತ ಮೊದಲು ಕಾಲು ಚಾಚತಾವು.
ಅವಕ್ಕ ಯಾರೂ ಚೀಟಿ ಓದಿ ಹೇಳೂದಿಲ್ಲ.

ಕಂಡಿತೇನು ಅಂತ ಕೇಳತೀರಿ. ಕಂಡಿತ್ರಿ.
ಕಣ್ಣಿಗೆ ಕಂಡಿತು. ಕೈಗೆ ಕಾಣಲಿಲ್ಲ.
ನಾಯಿ ಹೋದ ಮ್ಯಾಲೆ ಹಸಿರು ಎತ್ತೂದು ರೂಢಿ,
ಕೈ ಎತ್ತೇ ಬಿಟ್ಟಿತ್ತು.
ಬಾಯಿ ‘ಕಾಲು, ಕಾಲು’ ಅಂತ ಒದರತಿತ್ತು,
ಕೈ ಮಾತ್ರ ಬಾ ಬಾ ಅಂತ ಕರೀತಿತ್ತು.

ಆಮ್ಯಾಲಿನ ಸದ್ದು
ತಗಡಿನ ಗಂಗಾಳ ಕಲ್ಲಮ್ಯಾಲೆ ಎಳದಂಗ,
ಆದರ ಒಂದು ಫರ್ಲಾಂಗು ಉದ್ದ.
ಮುಂದಿನ ಪಂಖದ ಎಲಿ ಒಣಗಿದ ಎಕ್ಕಿ ಎಲಿ ಹಂಗ ಮುರುಟಿದುವು.
ಬೆಂಕಿ ಹತ್ತಲಿಲ್ಲ, ದೇವರು ದೊಡ್ಡಾವ.

ಕಪಾಡಿಯಾ ಸಾಹೇಬ್ರು ಬಾಗಿಲು ತಗದು
ಕೆಳಗ ಜಿಗಿಯಾಕ ಕಾಲು ಚಾಚಿದ್ರು.
ನೆಲ ಅಲ್ಲೇ ಇತ್ತು. ಎಡವಿದ್ರು.
ಆರು ಸಾವಿರ ತಾಸು ಹಾರಿದ ಮನಷ್ಯಾ ಅಂತ.
ಬಗ್ಗಿ ಕೆಳಗ ನೋಡಿದ್ರು, ಗುಡಿ ಮುಂದ
ಚಪ್ಪಲಿ ಹುಡುಕೋರು ನೋಡತಾರಲ್ಲ, ಹಂಗ.
ಜಾಲಿ ನೆರಳಿಗೆ ಕುಂತು ನನ್ನ ಬಾಟ್ಲಿ ನೀರು ಕುಡದು ಅಂದ್ರು:
“ಒಮ್ಮೆ ಇಳಿಸಿದ್ದೆ ಯಮನೂರಪ್ಪ. ಇಳಿಸಿದ್ದು ನೆನಪಿತ್ತು.
ಎತ್ತಿದ್ದು ನೆನಪಿದ್ದಿಲ್ಲ.
ಒಳಗ ಹಾರ್ನು ಹೊಡಕೊಂತಿತ್ತು. ಕೇಳಿದೆ.
ಯಾಕ ಅಂತ ಕೇಳಲಿಲ್ಲ.”

‘ಕಾರಣ’ ಅನ್ನೂ ಜಾಗದಾಗ ಏನು ಬರೀತೀರೋ ಬರೀರಿ.
ನಮ್ಮ ಮನ್ಯಾಗ ಹುಲಿಗೆವ್ವನ್ನ
ಸಾರಿಗೆ ಉಪ್ಪು ಹಾಕಿದ್ಯಾ ಅಂದ್ರ, ಹಾಕೀನಿ ಅಂತಾಳ.
ಸುಳ್ಳಲ್ಲ ಅದು. ಹಾಕ್ಯಾಳ. ನಿನ್ನಿ ಸಾರಿಗೆ.

ಇಷ್ಟು ಬರಕೋರಿ. ಇನ್ನೊಂದು ಮಾತೈತಿ,
ಅದನ್ನ ಬರಕೊಬ್ಯಾಡ್ರಿ: ಆ ನಾಯಿ ನನ್ನದು.
ನನ್ನದಂದ್ರ ಸಾಕಿದ್ದಲ್ಲ. ದಿನಾ ಮಧ್ಯಾಹ್ನ ಬುತ್ತಿ ಬಿಚ್ಚಿ
ಕಟಕ್ ರೊಟ್ಟಿ ಒಂದು ಚೂರು ಒಗೀತಿದ್ದೆ.
ಅವತ್ತು ಒಗೀಲಿಲ್ಲ. ಮರತಿದ್ದೆ.
ಕೇಳಾಕ ಬಂದಿತ್ತು, ಪಾಪ.

ಸಹಿ ಎಲ್ಲಿ? ಇಲ್ಲೇನು?
ತಡೀರಿ, ಸದ್ದು ಕೇಳಾಕತ್ತೈತಿ, ಮೂಡಲ ಕಡಿಂದ.
ಇವತ್ತು ಯಾರೋ ದೊಡ್ಡೋರು ಬರೂದಿತ್ತು.
ನೋಡ್ರಿ, ನೀವೂ ಪೆನ್ನು ಬಿಟ್ಟು ಕಿಡಕಿಗೆ ಬಂದ್ರಿ,
ಮೂರೂ ಮಂದಿ,
ಬಾಯಾಗ ಎಣಿಸಾಕತ್ತೀರಿ.